ಲೈಪ್ಸಿಗ್‌ನ ಕಾಡು ಸೊಪ್ಪು, ಸಾಗರದ ತಂಬುಳಿ

ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಲೈಪ್ಸಿಗ್‌ಗೆ ಬಂದ್ರೆ ಊರೆಲ್ಲ ಬೆಳ್ಳುಳ್ಳಿ ವಾಸನೆ. ಸೈಕಲ್ ಮೇಲೆ ಹೋಗ್ತಿದ್ರೂ ಮೂಗಿಗೆ ಬಡಿಯುತ್ತೆ. ಅದು ಬರೋದು ಈ ಕಾಡಿಂದ. ಇದರ ಹೆಸರು ಔವಾಲ್ಡ್. ಎಲ್ಸ್ಟರ್, ಪ್ಲೈಸೆ ಹೊಳೆಗಳ ದಂಡೆ ಹಿಡ್ಕೊಂಡು ಊರಿನ ನಡುವೆಯೇ ಹಾದು ಹೋಗೋ ಕಾಡು. ಮರಗಳಿನ್ನೂ ಪೂರ್ತಿ ಚಿಗುರಿಲ್ಲ, ನೆಲಕ್ಕೆ ಬಿಸಿಲು ಬೀಳ್ತಾ ಇದೆ ನೋಡಿ. ಆ ಬಿಸಿಲಲ್ಲಿ ಕಣ್ಣು ಹಾಯಿಸಿದಷ್ಟು ದೂರಕ್ಕೂ ಹಸಿರು ಎಲೆ. ಬೇರ್‌ಲೌಖ್ ಅಂತಾರೆ ಇದಕ್ಕೆ, ಕಾಡು ಬೆಳ್ಳುಳ್ಳಿ. ಇವತ್ತಿನ ವಿಡಿಯೋದಲ್ಲಿ ಇದರದ್ದೇ ತಂಬುಳಿ.

ನಾನು ಇಲ್ಲಿ ಮಾಸ್ಟರ್ಸ್ ಓದ್ತಾ ಇದ್ದೀನಿ. ಊರು ಸಾಗರದ ಹತ್ರ. ನಮ್ಮ ಕಡೆ ಮಳೆಗಾಲ ಶುರುವಾದ್ರೆ ಹಿತ್ತಲು, ಬೇಲಿ, ತೋಟದ ಬದು, ಎಲ್ಲಿ ಏನು ಕುಡಿ ಒಡೆದಿದ್ರೂ ಅದು ಮಧ್ಯಾಹ್ನ ತಂಬುಳಿ ಆಗಿರುತ್ತೆ. ಒಂದೆಲಗ, ಚಕ್ರಮುನಿ, ಸೀಬೆ ಕುಡಿ, ದೊಡ್ಡಪತ್ರೆ. ಹಂಗಾಗಿ ಹೊಸ ಊರಿಗೆ ಬಂದಾಗ ನನ್ನ ಕಣ್ಣು ಮೊದಲು ಹುಡುಕಿದ್ದು ಇಲ್ಲಿ ಜನ ಯಾವ ಸೊಪ್ಪು ಕೊಯ್ದು ತಿಂತಾರೆ ಅನ್ನೋದನ್ನ.

ಕೊಯ್ಯೋ ಮುಂಚೆ ಒಂದು ವಿಷಯ, ಇದನ್ನ ದಯವಿಟ್ಟು ವಿಡಿಯೋ ಮುಂದೆ ಓಡಿಸದೆ ಕೇಳಿ. ಇದೇ ಥರ ಕಾಣೋ ಇನ್ನೆರಡು ಗಿಡ ಇವೆ, ಎರಡೂ ವಿಷ. ಒಂದು ಮೈಗ್ಲೋಕ್ಶೆನ್, ಅಂದ್ರೆ ಲಿಲಿ ಆಫ್ ದ ವ್ಯಾಲಿ, ಇನ್ನೊಂದು ಹೆರ್ಬ್‌ಸ್ಟ್‌ತ್ಸೈಟ್‌ಲೋಸೆ. ಎರಡನೇದು ಆಟಮ್ ಕ್ರೋಕಸ್, ಅದರಲ್ಲಿ ಕಾಲ್ಚಿಸಿನ್ ಅನ್ನೋ ವಿಷ ಇರುತ್ತೆ, ಜೀವಕ್ಕೇ ಅಪಾಯ. ವಾಸನೆ ನೋಡಿ ಕಂಡು ಹಿಡೀಬಹುದು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ನಾಲ್ಕು ಎಲೆ ಕಿತ್ತ ಮೇಲೆ ಕೈಗೇ ಬೆಳ್ಳುಳ್ಳಿ ವಾಸನೆ ಹತ್ತಿರುತ್ತೆ. ಆಮೇಲೆ ಯಾವ ಎಲೆ ಮೂಸಿದ್ರೂ ಒಂದೇ. ಅದಕ್ಕೇ ಪ್ರತಿ ಎಲೆಯನ್ನೂ ಕಣ್ಣಲ್ಲೇ ನೋಡಬೇಕು. ಇದು ನೋಡಿ, ಬೇರ್‌ಲೌಖ್: ಒಂದೊಂದು ಎಲೆಗೂ ತನ್ನದೇ ಸಪೂರ ತೊಟ್ಟು, ನೆಲದಿಂದ ಬಿಡಿಬಿಡಿಯಾಗಿ ಎದ್ದಿರುತ್ತೆ. ಹಿಂಬದಿ ಮಿಂಚಲ್ಲ. ಮೈಗ್ಲೋಕ್ಶೆನ್ ಆದ್ರೆ ಒಂದೇ ಕಾಂಡದಲ್ಲಿ ಎರಡು ಎಲೆ, ಹಿಂಬದಿ ಹೊಳೆಯುತ್ತೆ. ಹೆರ್ಬ್‌ಸ್ಟ್‌ತ್ಸೈಟ್‌ಲೋಸೆಗೆ ತೊಟ್ಟೇ ಇರಲ್ಲ. ಅನುಮಾನ ಬಂದ ಎಲೆ ಬಿಟ್ಟುಬಿಡಿ. ಗೊತ್ತಿರೋರ ಜೊತೆ ಹೋಗಿ ಕಲಿಯೋ ತನಕ ಸಂತೆಯಲ್ಲಿ ಕಟ್ಟು ಕೊಂಡ್ಕೊಳ್ಳಿ, ಅಲ್ಲೂ ಸಿಗುತ್ತೆ.

ಇನ್ನೊಂದು, ಎಷ್ಟು ಕೊಯ್ಯಬಹುದು ಅಂತ ಕಾನೂನೇ ಇದೆ. ಮನೆ ಬಳಕೆಗೆ ಒಂದು ಹಿಡಿ, ಅಷ್ಟೇ. ಸಂರಕ್ಷಿತ ಪ್ರದೇಶದ ಫಲಕ ಇದ್ದ ಕಡೆ ಅದೂ ಇಲ್ಲ. ಈ ಕಾಡಿನ ಸುಮಾರು ಭಾಗ ಸಂರಕ್ಷಿತವೇ, ಫಲಕ ನೋಡ್ಕೊಂಡು ಆಚೆ ಬನ್ನಿ. ಒಂದು ಹಿಡಿ ಅಂದ್ರೆ ಕಮ್ಮಿ ಅನ್ಸಬಹುದು, ಆದ್ರೆ ತಂಬುಳಿಗೆ ಹತ್ತು ಹದಿನೈದು ಎಲೆ ಧಾರಾಳ. ಹೂ ಬಿಡೋಕೆ ಮುಂಚಿನ ಎಲೆಯೇ ಒಳ್ಳೇದು. ಮೇ ಬಂತು ಅಂದ್ರೆ ಕಾಡೆಲ್ಲ ಬಿಳಿ ಹೂವು, ಎಲೆ ಬಲಿತು ಖಾರ ಒರಟಾಗುತ್ತೆ.

ಮನೆಗೆ ಬಂದ್ವಿ. ಇದು ನಮ್ಮ ಹಾಸ್ಟೆಲಿನ ಅಡುಗೆಮನೆ, ಎಲ್ಲರಿಗೂ ಸೇರಿದ್ದು. ಗಾಜಿನ ಒಲೆ. ಸ್ವಿಚ್ ಆರಿಸಿದ್ರೂ ಸುಮಾರು ಹೊತ್ತು ಕಾವು ಬಿಡಲ್ಲ, ಹಂಗಾಗಿ ಒಗ್ಗರಣೆಗೆ ಸಾಸಿವೆ ಸಿಡಿಯೋಕೆ ಶುರುವಾದ ತಕ್ಷಣ ಪಾತ್ರೆಯನ್ನೇ ಎತ್ತಿ ಪಕ್ಕಕ್ಕಿಡಬೇಕು. ಮೇಲೆ ಹೊಗೆ ಪತ್ತೆ ಮಾಡೋ ಯಂತ್ರ ಇದೆ, ಕಿಟಕಿ ಪೂರ್ತಿ ತೆಗೆದೇ ಮೆಣಸಿನಕಾಯಿ ಹಾಕಿ. ಸೂಪರ್ ಮಾರ್ಕೆಟ್ಟಲ್ಲಿ ಸಿಗೋದು ಹೆಚ್ಚಾಗಿ ಹಳದಿ ಸಾಸಿವೆ, ಉಪ್ಪಿನಕಾಯಿ ಹಾಕೋರಿಗೆ. ಕರಿ ಸಾಸಿವೆ ನಾನು ಐಸೆನ್‌ಬಾನ್‌ಸ್ಟ್ರಾಸೆಯಿಂದ ತರ್ತೀನಿ. ಊರಿನ ಪೂರ್ವಕ್ಕಿರೋ ಆ ಬೀದಿಯಲ್ಲಿ ಅರಬ್ಬಿ, ಟರ್ಕಿ ಅಂಗಡಿಗಳು ಸಾಲಾಗಿವೆ. ಕೊತ್ತಂಬರಿ, ಪುದೀನ ಅಲ್ಲಿ ದೊಡ್ಡ ದೊಡ್ಡ ಕಟ್ಟು, ಇಲ್ಲಿನ ಸೂಪರ್ ಮಾರ್ಕೆಟ್ ಥರ ಕುಂಡದಲ್ಲಿ ನಾಲ್ಕು ಎಳೆ ಅಲ್ಲ.

ಈಗ ತುಪ್ಪ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಯಾಕಂದ್ರೆ ಬರೋ ಎಲ್ಲ ಹುಡುಗರೂ ಇದೇ ಕೇಳ್ತಾರೆ. ಊರಿಂದ ತುಪ್ಪ ತರೋ ಹಾಗಿಲ್ಲ. ಹೊರದೇಶದ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯುರೋಪಿಯನ್ ಒಕ್ಕೂಟದ ಒಳಗೆ ಬ್ಯಾಗಲ್ಲಿ ಬಿಡಲ್ಲ. ಪೇಡಾನೂ ಸೇರಿ. ಹಸಿ ಕರಿಬೇವಿಗೂ 2019ರ ಡಿಸೆಂಬರ್‌ನಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿನಾಯಿತಿ ಇರೋದು ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಡ್ಯೂರಿಯನ್ ಐದಕ್ಕೇ. ನಾನು ತಂದಿದ್ದು ಸಾರಿನ ಪುಡಿ, ಮೆಂತ್ಯದ ಹಿಟ್ಟು, ಒಣಮೆಣಸು, ಒಂದು ಉಂಡೆ ಹುಣಸೆಹಣ್ಣು.

ಆದ್ರೆ ಬೆಣ್ಣೆಗೆ ಈ ದೇಶದಲ್ಲಿ ಬರ ಇಲ್ಲ. 250 ಗ್ರಾಂ ಪೊಟ್ಟಣ, ಅದರಲ್ಲಿ ಸುಮಾರು 82 ಪರ್ಸೆಂಟ್ ಕೊಬ್ಬು ಇರುತ್ತೆ. ಕಾಯಿಸಿದ್ರೆ ಹತ್ತಿರ ಹತ್ತಿರ 200 ಗ್ರಾಂ ತುಪ್ಪ. ಕೊಳ್ಳುವಾಗ ಪೊಟ್ಟಣದ ಮೇಲೆ ಏನು ಬರೆದಿದೆ ನೋಡಿ. ಸ್ಯೂಸ್‌ರಾಮ್ ಅಂತ ಇದ್ರೆ ಅದು ಸಿಹಿ ಕೆನೆಯ ಬೆಣ್ಣೆ. ಸೌವರ್‌ರಾಮ್ ಅಂತ ಇದ್ರೆ ಹೆಪ್ಪಿಟ್ಟು ಹುಳಿಸಿದ ಕೆನೆಯ ಬೆಣ್ಣೆ. ನಮ್ಮ ಮನೆಗಳಲ್ಲಿ ಮೊಸರು ಕಡೆದು ಬೆಣ್ಣೆ ತೆಗೀತೀವಲ್ಲ, ಅದರ ಹತ್ತಿರದ ನೆಂಟ ಇದೇ. ಸೌವರ್‌ರಾಮ್ ಬೆಣ್ಣೆ ಸಣ್ಣ ಉರಿಯಲ್ಲಿ ಕಾಯಿಸಿ, ತಳದಲ್ಲಿ ಚರಟ ಕೆಂಪಗಾಗುವಾಗ ಇಳಿಸಿ. ಆ ಘಮ ಕಾರಿಡಾರ್‌ವರೆಗೂ ಹೋಗುತ್ತೆ. ಡಬ್ಬಿ ತುಪ್ಪಕ್ಕೆ ದುಡ್ಡು ಸುರಿಯೋ ಅಗತ್ಯವೇ ಇಲ್ಲ.

ಸರಿ, ತಂಬುಳಿ. ಒಂದು ಚಮಚ ತುಪ್ಪಕ್ಕೆ ಜೀರಿಗೆ, ನಾಲ್ಕೈದು ಕಾಳುಮೆಣಸು. ಘಮ್ ಅಂದ ಮೇಲೆ ತೊಳೆದ ಎಲೆ ಹಾಕಿ ಬಾಡಿಸಿ. ಹಸಿ ಬೆಳ್ಳುಳ್ಳಿಯ ಘಾಟು ಇಷ್ಟರಲ್ಲೇ ಮೆತ್ತಗಾಗುತ್ತೆ. ಆರಿದ ಮೇಲೆ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ. ಮಜ್ಜಿಗೆಗೆ ಇಲ್ಲಿ ಕಷ್ಟ ಪಡಬೇಕಿಲ್ಲ, ಬುಟರ್‌ಮಿಲ್ಶ್ ಅಂತ ಯಾವ ಅಂಗಡಿಯಲ್ಲೂ ಸಿಗುತ್ತೆ, ಚೆನ್ನಾಗಿ ಹುಳಿ ಇರುತ್ತೆ. ಅದನ್ನೇ ಬೆರೆಸಿ, ಉಪ್ಪು ಹಾಕಿ, ಮೇಲೊಂದು ಒಗ್ಗರಣೆ. ಕುದಿಸಬಾರದು. ಬಣ್ಣ ನೋಡಿ, ಎಳೇ ಹಸಿರು!

ಅಮ್ಮ ವಿಡಿಯೋ ಕಾಲ್‌ನಲ್ಲಿ ಇದ್ದಳು. "ಎಂತ ಸೊಪ್ಪು ಪುಟ್ಟಿ ಅದು? ಅರಿಶಿನದ ಎಲೆ ಇದ್ದಂಗೆ ಇದ್ಯಲ್ಲ" ಅಂದಳು. ಕಾಡಲ್ಲಿ ಬೆಳೆಯೋದು, ಬೆಳ್ಳುಳ್ಳಿ ರುಚಿ ಅಂದೆ. "ಹಂಗಾದ್ರೆ ಕಾಯಿ ಸ್ವಲ್ಪ ಜಾಸ್ತಿ ಹಾಕು, ಉಷ್ಣ ಆಗ್ತು" ಅಂತ ಅಲ್ಲಿಂದಲೇ ಅಳತೆ ಹೇಳಿದಳು. ಅವಳು ಯಾವತ್ತೂ ನೋಡದ ಎಲೆ, ಆದ್ರೂ ಅದಕ್ಕೆ ಏನು ಬೇಕು ಅಂತ ಅವಳಿಗೆ ಗೊತ್ತು. ನನಗೆ ಅಡುಗೆ ಕಲಿಯೋದು ಅಂದ್ರೆ ಇದು.

ಇಂಡಿಯನ್ ಅಂಗಡಿಗೆ ನಾನೂ ಹೋಗ್ತೀನಿ, ಬೇಳೆ, ಇಂಗು, ಅವಲಕ್ಕಿ ಅಲ್ಲೇ ತರೋದು. ಆದ್ರೆ ಫ್ರೀಜರಿನ ನುಗ್ಗೆಕಾಯಿ, ಬಾಡಿದ ಬೆಂಡೆಕಾಯಿಗೆ ಅಷ್ಟು ಯೂರೋ ಕೊಡೋಕೆ ಮನಸ್ಸು ಬರಲ್ಲ. ಇಲ್ಲಿನ ತರಕಾರಿ ಇಲ್ಲಿನ ಕಾಲದಲ್ಲಿ ಎಷ್ಟು ಚೆನ್ನಾಗಿರುತ್ತೆ ಅಂದ್ರೆ, ನಮ್ಮ ಮಸಾಲೆ ಅದಕ್ಕೆ ಹಾಕೋದೇ ಸರಿ ಅನ್ಸುತ್ತೆ. ಊರ ಮಧ್ಯದ ಚೌಕದಲ್ಲಿ ಸಂತೆ ಕೂರುತ್ತೆ. ಅಲ್ಲಿ ನವಿಲುಕೋಸು ರಾಶಿ. ಜರ್ಮನ್ನರಿಗೆ ಇದು ಮನೆ ತರಕಾರಿ, ಹಸಿಯಾಗೇ ಹೆಚ್ಚಿ ತಿಂತಾರೆ. ಗಡ್ಡೆ ಕೊಂಡವರು ಎಲೆ ಮುರಿದು ಅಲ್ಲೇ ಪೆಟ್ಟಿಗೆಗೆ ಹಾಕಿ ಹೋಗ್ತಾರೆ. ನಾನು ಆ ಎಲೆ ಕೇಳಿದೆ. ಅಂಗಡಿ ಅಜ್ಜಿ "ಮೊಲ ಸಾಕಿದ್ದೀಯೇನಮ್ಮ?" ಅಂದ್ರು. ಇಲ್ಲ ಅಜ್ಜಿ, ನಾನೇ ತಿನ್ನೋದು ಅಂದೆ. ಹೇಗೆ ಮಾಡ್ತೀಯ ಅಂತ ಕೂತು ಕೇಳಿದ್ರು, ಪೂರ್ತಿ ಚೀಲ ತುಂಬಿಸಿ ಕೊಟ್ರು. ಗಡ್ಡೆ ಹುಳಿಗೆ, ಎಲೆ ಕೆಂಪು ಬೇಳೆ ಜೊತೆ ಬಸ್ಸಾರಿಗೆ.

ಉಪ್ಪಿಟ್ಟಿಗೆ ಇಲ್ಲಿ ಯಾವ ರವೆ ತಗೋಬೇಕು ಅಂತ ನಿಮ್ಮಲ್ಲಿ ಕೆಲವರು ಕೇಳಿದ್ರಿ. ಪೊಟ್ಟಣದ ಮೇಲೆ ನೋಡಿ. ವೈಶ್‌ವೈತ್ಸೆನ್ ಅನ್ನೋದು ಮೆತ್ತನೆ ಗೋಧಿ, ಮುದ್ದೆ ಆಗುತ್ತೆ. ಹಾರ್ಟ್‌ವೈತ್ಸೆನ್ ತಗೊಳ್ಳಿ, ಅದು ಡ್ಯೂರಂ ಗೋಧಿ, ನಮ್ಮ ಬನ್ಸಿ ರವೆಯ ಜಾತಿ. ಮೊಸರನ್ನಕ್ಕೆ ಮಿಲ್ಶ್‌ರೈಸ್ ಅನ್ನೋ ಗುಂಡು ಅಕ್ಕಿ ಚೆನ್ನಾಗಿ ಕಲೆಯುತ್ತೆ. ಭಾನುವಾರ ಅಂಗಡಿ ಎಲ್ಲ ಮುಚ್ಚಿರುತ್ತೆ, ಏನೂ ಇಲ್ಲ ಅಂದ್ರೆ ರೈಲ್ವೆ ಸ್ಟೇಷನ್ ಒಳಗಿನ ಸೂಪರ್ ಮಾರ್ಕೆಟ್ ತೆಗೆದಿರುತ್ತೆ. 1915ರಲ್ಲಿ ಕಟ್ಟಿ ಮುಗಿಸಿದ ಸ್ಟೇಷನ್ ಅದು, ಅಕ್ಕಿ ಖಾಲಿ ಆಗದಿದ್ರೂ ಒಂದು ಸಲ ಹೋಗಿ ನೋಡಿ.

ರಾತ್ರಿ ಊಟಕ್ಕೆ ಪಕ್ಕದ ರೂಮಿನ ಹುಡುಗಿಯೂ ಕೂತಳು. ಅವಳು ಇದೇ ಎಲೆಯನ್ನ ಸಣ್ಣಗೆ ಹೆಚ್ಚಿ ಕ್ವಾರ್ಕ್‌ಗೆ ಕಲಸಿದ್ದಳು. ಕ್ವಾರ್ಕ್ ಅಂದ್ರೆ ನೀರು ಬಸಿದ ಗಟ್ಟಿ ಮೊಸರಿನಂಥದ್ದು. ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ಮೇಲೆ ಅಗಸೆ ಎಣ್ಣೆ. ಈ ಕಡೆ ಅದು ಹಳೇ ಊಟ. ನನ್ನ ತಂಬುಳಿ ಅನ್ನ, ಅವಳ ಕ್ವಾರ್ಕ್ ಆಲೂ, ಎರಡೂ ಒಂದೇ ತಟ್ಟೆಯಲ್ಲಿ. ಎರಡೂ ಕಡೆಯವರೂ ಘಾಟು ಸೊಪ್ಪಿಗೆ ಹುಳಿ ಹಾಲು ಕೂಡಿಸಿದ್ದಾರೆ ಅಂತ ಅವಳೇ ಹೇಳಿದ್ದು.

ಮುಂದಿನ ವಿಡಿಯೋ ರಬಾರ್ಬರ್ ಮೇಲೆ. ಕೆಂಪು ದಂಟು, ಇವರು ಸಕ್ಕರೆ ಹಾಕಿ ಕೇಕ್ ಮಾಡ್ತಾರೆ. ನಾನು ಅದರಲ್ಲಿ ಅಪ್ಪೆಹುಳಿ ಮಾಡ್ತೀನಿ, ಮಾವಿನಮಿಡಿ ಇಲ್ಲಿ ಎಲ್ಲಿ ಬರಬೇಕು. ದಂಟು ಮಾತ್ರ ತಗೊಳ್ಳಿ, ಎಲೆ ವಿಷ. ಹತ್ತೇ ನಿಮಿಷದಲ್ಲಿ ಬೆಂದು ಕರಗುತ್ತೆ. ಜೂನ್ 24ಕ್ಕೆ ಇದರ ಕಾಲ ಮುಗೀತು ಅಂತ ಇಲ್ಲಿನವರ ಲೆಕ್ಕ, ಅಷ್ಟರೊಳಗೆ ನೀವೂ ಒಂದು ಕಟ್ಟು ತಂದಿಟ್ಟಿರಿ. ಇಂಗು ಮರೀಬೇಡಿ.