ರಸ್ತೆಗೆ ತಾಗುವುದು ಅಚ್ಚಿನ ಭಾರ

ಮಾನ್ಯ ಸಭಿಕರೆ,

ಒಂದು ವಾಹನ ರಸ್ತೆಗೆ ಎಷ್ಟು ಭಾರ ಎಂದು ಕೇಳಿದರೆ ನಾವು ಅದರ ಒಟ್ಟು ತೂಕವನ್ನು ಹೇಳಿ ಸುಮ್ಮನಾಗುತ್ತೇವೆ. ಆದರೆ ಉದ್ದನೆಯ ಲಾರಿಯನ್ನು ರಸ್ತೆಯ ಯಾವ ತುಂಡೂ ಇಡಿಯಾಗಿ ಹೊರುವುದಿಲ್ಲ. ಮೊದಲು ಮುಂದಿನ ಅಚ್ಚು, ಅಂದರೆ ಎರಡೂ ಬದಿಯ ಗಾಲಿಗಳನ್ನು ಕೂಡಿಸುವ ಅಡ್ಡದಂಡ (ಆಕ್ಸಲ್), ತನ್ನ ಗಾಲಿಗಳೊಂದಿಗೆ ಹಾಯುತ್ತದೆ, ಕ್ಷಣಕಾಲದ ನಂತರ ಹಿಂದಿನದು. ಒಂದೊಂದು ಅಚ್ಚು ಹಾದಾಗಲೂ ಆ ಜಾಗ ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ಮೇಲೇಳುತ್ತದೆ. ರಸ್ತೆಯ ಆಯುಷ್ಯವನ್ನು ಅಳೆಯಬೇಕಾದದ್ದು ಈ ಬಾಗುವಿಕೆಗಳಿಂದ.

ಭಾರ ಇಳಿಯುವ ದಾರಿಯನ್ನು ಮೇಲಿನಿಂದಲೇ ನೋಡೋಣ. ಸರಕಿನ ತೂಕ ಲಾರಿಯ ಚೌಕಟ್ಟಾದ ಚಾಸಿಗೆ, ಅಲ್ಲಿಂದ ಪಟ್ಟಿ ಸ್ಪ್ರಿಂಗುಗಳಿಗೆ ಅಥವಾ ಗಾಳಿಚೀಲಗಳಿಗೆ, ಅವುಗಳಿಂದ ಅಚ್ಚಿಗೆ, ಅಚ್ಚಿನ ತುದಿಯ ಬೇರಿಂಗುಗಳ ಮೂಲಕ ಗಾಲಿಗೆ, ಕೊನೆಗೆ ಟೈರಿನ ಮೂಲಕ ನೆಲಕ್ಕೆ ಬರುತ್ತದೆ. ಭಾರೀ ಲಾರಿಗಳ ಹಿಂದಿನ ಅಚ್ಚಿನಲ್ಲಿ ಸಾಮಾನ್ಯವಾಗಿ ಹೊರಗಿನ ಗಟ್ಟಿ ಕವಚ ತೂಕವನ್ನು ಹೊರುತ್ತದೆ. ಒಳಗಿನ ದಂಡ ಎಂಜಿನ್ನಿನ ತಿರುಚುಬಲವನ್ನಷ್ಟೇ ಗಾಲಿಗೆ ಮುಟ್ಟಿಸುತ್ತದೆ. ಆ ದಂಡವನ್ನು ಹೊರಗೆಳೆದರೂ ಲಾರಿ ತನ್ನ ಗಾಲಿಗಳ ಮೇಲೆಯೇ ನಿಂತಿರುತ್ತದೆ. ಇಷ್ಟು ಸ್ಪಷ್ಟವಾದ ಕೆಲಸದ ಹಂಚಿಕೆಯನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಹಿಂದಿನ ಅಚ್ಚೊಂದು 10 ಟನ್ ಹೊತ್ತಿದೆ, ಅದಕ್ಕೆ ನಾಲ್ಕು ಟೈರುಗಳಿವೆ ಎಂದುಕೊಳ್ಳಿ. ಒಂದೊಂದು ಟೈರಿಗೆ ಎರಡೂವರೆ ಟನ್. ಗಾಳಿಯ ಒತ್ತಡ 8 ಬಾರ್ ಇದ್ದರೆ ಟೈರು ನೆಲಕ್ಕೆ ತಾಗುವ ಜಾಗ ಸುಮಾರು 310 ಚದರ ಸೆಂಟಿಮೀಟರ್, ಅಂದರೆ ಎ-4 ಹಾಳೆಯ ಅರ್ಧದಷ್ಟು. ರಸ್ತೆಯ ಮೇಲ್ಪದರಕ್ಕೆ ಬೀಳುವ ಒತ್ತಡವನ್ನು ಬಹುಮಟ್ಟಿಗೆ ಟೈರಿನ ಗಾಳಿಯೇ ನಿರ್ಧರಿಸುತ್ತದೆ. ಆದರೆ ಡಾಂಬರು, ಜಲ್ಲಿಗಳ ಪದರಗಳನ್ನು ದಾಟಿ ಕೆಳಗಿಳಿದಂತೆ ಈ ಒತ್ತಡ ಹರಡುತ್ತಾ ಹೋಗಿ, ಅಕ್ಕಪಕ್ಕದ ಟೈರುಗಳ ಪ್ರಭಾವ ಒಂದರೊಳಗೊಂದು ಬೆರೆಯುತ್ತದೆ. ಆ ಆಳದಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಹೊರೆ. ಗಾಳಿಯನ್ನು ತಗ್ಗಿಸಿ ಮೇಲ್ಪದರವನ್ನು ಉಳಿಸಿಕೊಂಡರೂ ತಳಮಣ್ಣಿಗೆ ಅದರಿಂದ ಸಿಗುವ ನೆಮ್ಮದಿ ಅತ್ಯಲ್ಪ. ಮಣ್ಣು ನೀರು ಕುಡಿದು ಮೆತ್ತಗಾಗಿದ್ದಾಗಲಂತೂ ಅದೇ ಅಚ್ಚು ಹೆಚ್ಚು ಹಾನಿ ಮಾಡುತ್ತದೆ.

ಈ ಹಾನಿಯನ್ನು ಅಳೆಯಲು ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಪಟ್ಟಣದ ಬಳಿ ವಿಶೇಷವಾಗಿ ರಸ್ತೆಗಳನ್ನು ಕಟ್ಟಿ, 1958ರಿಂದ 1960ರವರೆಗೆ ಅವುಗಳ ಮೇಲೆ ಬೇರೆಬೇರೆ ಹೊರೆಯ ಲಾರಿಗಳನ್ನು ಸತತವಾಗಿ ಓಡಿಸಲಾಯಿತು. ಆ ಪರೀಕ್ಷೆಯಿಂದ ಹೊರಬಂದ ಅಂದಾಜಿನ ಸೂತ್ರದ ಪ್ರಕಾರ ಹಾನಿಯು ಅಚ್ಚಿನ ಭಾರದ ನಾಲ್ಕನೆಯ ಘಾತದಂತೆ, ಅಂದರೆ ಭಾರದ ಅಂಕಿಯನ್ನು ನಾಲ್ಕು ಸಲ ಬರೆದು ಒಟ್ಟಿಗೆ ಗುಣಿಸಿದಂತೆ, ಏರುತ್ತದೆ. ರಸ್ತೆಯ ರಚನೆಗೆ ತಕ್ಕಂತೆ ಈ ಘಾತ ಹೆಚ್ಚುಕಡಿಮೆ ಆಗುವುದುಂಟು. ಆದರೂ ಅದು ಕಲಿಸುವ ಪಾಠ ಗಂಭೀರವಾದದ್ದು. ಭಾರ ಇಮ್ಮಡಿಯಾದರೆ ಹಾನಿ 16 ಪಟ್ಟು. 10 ಟನ್ ಹೊರಬೇಕಾದ ಅಚ್ಚಿನ ಮೇಲೆ 12 ಟನ್ ಹೇರಿದರೆ ಹಾನಿ ಎರಡು ಪಟ್ಟನ್ನು ಮೀರುತ್ತದೆ. ಒಂದು ಟನ್ನಿನ ಅಚ್ಚಿಗೂ ಹತ್ತು ಟನ್ನಿನ ಅಚ್ಚಿಗೂ ಇರುವ ಹಾನಿಯ ಅಂತರ ಹತ್ತು ಸಾವಿರ ಪಟ್ಟು. ಸಣ್ಣ ಕಾರುಗಳು ಲಕ್ಷಗಟ್ಟಲೆ ಓಡಾಡಿದರೂ ಗಟ್ಟಿ ರಸ್ತೆಯ ಒಡಲು ಕೆಡದಿರುವುದಕ್ಕೆ ಇದೇ ಕಾರಣ.

ಹಂಚಿಕೆಯ ಮಹತ್ವವೂ ಇದರಿಂದಲೇ ತಿಳಿಯುತ್ತದೆ. 16 ಟನ್ ಭಾರವನ್ನು ಎರಡು ಅಚ್ಚುಗಳು ಎಂಟೆಂಟು ಟನ್ನಿನಂತೆ ಹೊತ್ತಾಗ ಆಗುವ ಹಾನಿಗಿಂತ, ಒಂದು ಹತ್ತನ್ನೂ ಇನ್ನೊಂದು ಆರನ್ನೂ ಹೊತ್ತಾಗ ಆಗುವ ಹಾನಿ ಶೇ 38ರಷ್ಟು ಹೆಚ್ಚು. ತೂಕದ ಚೀಟಿಯಲ್ಲಿ ಮಾತ್ರ ಎರಡೂ ಒಂದೇ! ಜೋಡಿ ಅಚ್ಚುಗಳ ನಡುವೆ ಸಮತೋಲನದ ಸನ್ನೆಗೋಲನ್ನೋ, ಒಂದಕ್ಕೊಂದು ಕೊಳವೆಯಿಂದ ಕೂಡಿಸಿದ ಗಾಳಿಚೀಲಗಳನ್ನೋ ಅಳವಡಿಸುವುದು ಈ ಅಸಮತೆಯನ್ನು ತಡೆಯಲೆಂದೇ.

ಇನ್ನು ಸರಕನ್ನು ಎಲ್ಲಿ ಇಡಬೇಕು ಎಂಬ ಮಾತು. ವಿನ್ಯಾಸಕಾರನಷ್ಟೇ ಸರಕು ಹೇರುವವನೂ ರಸ್ತೆಯ ಆಯುಷ್ಯಕ್ಕೆ ಹೊಣೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರಡು ಅಚ್ಚುಗಳ ನಡುವೆ 4 ಮೀಟರ್ ಅಂತರವಿರುವ ಲಾರಿಯಲ್ಲಿ 10 ಟನ್ ಸರಕಿನ ಭಾರಕೇಂದ್ರವು ಹಿಂದಿನ ಅಚ್ಚಿಗಿಂತ ಅರ್ಧ ಮೀಟರ್ ಮುಂದಿದ್ದರೆ, ಹಿಂದಿನ ಅಚ್ಚಿಗೆ 8.75 ಟನ್, ಮುಂದಿನದಕ್ಕೆ 1.25 ಟನ್ ಸೇರುತ್ತದೆ. ಅದೇ ಕೇಂದ್ರ ಹಿಂದಿನ ಅಚ್ಚನ್ನು ದಾಟಿ 40 ಸೆಂಟಿಮೀಟರ್ ಆಚೆ ಹೋಯಿತೆಂದರೆ, ಹಿಂದಿನ ಅಚ್ಚಿನ ಮೇಲೆ 11 ಟನ್ ಬೀಳುವುದಲ್ಲದೆ ಮುಂದಿನ ಅಚ್ಚಿನ ಸ್ವಂತ ಹೊರೆಯಲ್ಲೇ ಒಂದು ಟನ್ ಕಡಿಮೆಯಾಗುತ್ತದೆ. ಸ್ಟಿಯರಿಂಗ್ ಹಗುರಾಗಿ ಚಾಲಕನ ಹಿಡಿತ ತಪ್ಪುವ ಅಪಾಯ ಹುಟ್ಟುತ್ತದೆ. ಹೀಗೆ ಹಿಂದಕ್ಕೆ ಚಾಚಿಕೊಂಡಿದ್ದ ಸರಕನ್ನು ಇಳಿಸಿದಾಗ ಲಾರಿಯ ಒಟ್ಟು ತೂಕ ಇಳಿದರೂ ಮುಂದಿನ ಅಚ್ಚಿನ ಭಾರ ಏರುತ್ತದೆ. ದಾರಿಯುದ್ದಕ್ಕೂ ಸರಕು ಇಳಿಸುತ್ತಾ ಹೋಗುವವರು ಇದನ್ನು ಅಗತ್ಯವಾಗಿ ಗಮನಿಸಬೇಕು.

ಆದ್ದರಿಂದ ತೂಗುವಾಗ ಅಚ್ಚು ಅಚ್ಚಾಗಿ ತೂಗಬೇಕು. ತೂಕದ ಹಾಸು, ಅಂದರೆ ಗಾಲಿಗಳನ್ನು ನಿಲ್ಲಿಸಿ ತೂಗುವ ಹಲಗೆ, ಮತ್ತು ಅದರ ಹಿಂದುಮುಂದಿನ ನೆಲ ಒಂದೇ ಮಟ್ಟದಲ್ಲಿರಬೇಕು. ಹಾಸು ಸ್ವಲ್ಪ ಎತ್ತರದಲ್ಲಿದ್ದರೂ ಅದರ ಮೇಲಿರುವ ಅಚ್ಚು ನೆರೆಯ ಅಚ್ಚಿನ ಪಾಲನ್ನೂ ಹೊತ್ತು ಸುಳ್ಳು ಅಂಕಿ ತೋರಿಸುತ್ತದೆ. ಲಾರಿ ಜಾರದಂತೆ ಸಮತಟ್ಟಾದ ನೆಲದಲ್ಲಿ ನಿಂತ ಮೇಲೆ ಬ್ರೇಕನ್ನು ಸಡಿಲಿಸಿ, ಸ್ಪ್ರಿಂಗುಗಳು ನೆಲೆಗೊಳ್ಳಲು ಬಿಟ್ಟು, ನಂತರವೇ ಅಂಕಿಯನ್ನು ಬರೆದುಕೊಳ್ಳಬೇಕು.