ಮಂಡಿ ಬದಲಿಸಿದ ಮೇಲೆ ಟೆಂಡನ್ ಹರಿದರೆ: ‘ಬಗ್ಗಿಸಲೇಬೇಡಿ’ ಅನ್ನೋದು ಯಾಕೆ?

ನಮಸ್ಕಾರ. ಒಬ್ಬ ವೀಕ್ಷಕರು ಕೇಳಿದ್ದಾರೆ: ‘ಅಮ್ಮನಿಗೆ ಮಂಡಿ ಬದಲಿಸಿದಾಗ ಮಾರನೇ ದಿನವೇ ಬಗ್ಗಿಸಿ ಅಂದ್ರು. ಆಮೇಲೆ ಬಿದ್ದು ಟೆಂಡನ್ ಹರಿಯಿತು. ಅದನ್ನು ಸರಿಮಾಡಿದ ಮೇಲೆ ಎರಡು ತಿಂಗಳು ಬಗ್ಗಿಸಲೇಬೇಡಿ ಅಂತಾರೆ. ಯಾಕೆ?’

ಬಾವಿಯ ರಾಟೆ ನೆನಪಿಸಿಕೊಳ್ಳಿ. ಮಂಡಿಚಿಪ್ಪು ರಾಟೆಯ ಹಾಗೆ. ಎಳೆಯುವ ಕೈ ತೊಡೆಯ ಸ್ನಾಯು. ಚಿಪ್ಪಿನಿಂದ ಕೆಳಗಿನ ಮೂಳೆಗೆ ಹೋಗುವ ಹಗ್ಗ ಪಟೆಲ್ಲರ್ ಟೆಂಡನ್. ಅದು ತುಂಡಾದರೆ, ಒಳಗಿನ ಹೊಸ ಮಂಡಿ ಎಷ್ಟೇ ಚೆನ್ನಾಗಿರಲಿ, ಹಿಮ್ಮಡಿ ಹಾಸಿಗೆಯಿಂದ ಏಳುವುದಿಲ್ಲ.

ಸುಮ್ನೆ ಹೊಲಿದರೆ ಆಗಲ್ವಾ? ಬದಲಿಸಿದ ಮಂಡಿಯಲ್ಲಿ ಹೊಲಿಗೆ ಹೆಚ್ಚಾಗಿ ಮತ್ತೆ ಬಿಡುತ್ತದೆ. ಅಲ್ಲಿನ ಅಂಗಾಂಶ ಸೊರಗಿರುತ್ತದೆ, ರಕ್ತದ ಓಡಾಟವೂ ಕಡಿಮೆ. ಹಾಗಾಗಿ ದಾನಿಯಿಂದ ಪಡೆದ ಟೆಂಡನ್ ಜೋಡಿಸುತ್ತಾರೆ. ಕೆಲವೊಮ್ಮೆ ಚಿಪ್ಪು ಸೇರಿ ಇಡೀ ಜೋಡಣೆಯನ್ನೇ ಹಾಕುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ವಿಷಯ. 2004ರಲ್ಲಿ ಅಮೆರಿಕದ ಸರ್ಜನ್‌ಗಳು ತಾವು ಮಾಡಿದ ಇಂಥ 20 ಜೋಡಣೆಗಳ ಲೆಕ್ಕ ಪ್ರಕಟಿಸಿದರು. ಮೊದಲ 7ರಲ್ಲಿ ಟೆಂಡನ್ನನ್ನು ಹೆಚ್ಚು ಎಳೆಯದೆ ಹೊಲಿದಿದ್ದರು. ಏಳೂ ಕೈಕೊಟ್ಟವು. ಕಾಲು ನೇರ ಮಾಡಲು ಹೋದರೆ ಸರಾಸರಿ 59 ಡಿಗ್ರಿ ಬಾಗಿಯೇ ಉಳಿಯುತ್ತಿತ್ತು. ಮುಂದಿನ 13ರಲ್ಲಿ ಕಾಲನ್ನು ಪೂರ್ತಿ ನೇರ ಇಟ್ಟು, ಬಿಗಿಯಾಗಿ ಎಳೆದು ಹೊಲಿದರು. ಹದಿಮೂರೂ ಗೆದ್ದವು! ಕೊರತೆ ಸುಮಾರು 4 ಡಿಗ್ರಿ ಅಷ್ಟೇ. ಹಗ್ಗ ಸಡಿಲ ಇದ್ದರೆ ಎಷ್ಟು ಎಳೆದರೂ ಮೊದಲು ಆ ಸಡಿಲವೇ ಕೈಗೆ ಬರುತ್ತದೆ, ಕೊಡ ಏಳುವುದಿಲ್ಲ, ಅಲ್ವಾ? ಹೊಲಿದಾದ ಮೇಲೆ ಟೇಬಲ್ ಮೇಲೆಯೇ ಒಮ್ಮೆ ಬಗ್ಗಿಸಿ ಪರೀಕ್ಷೆ ಮಾಡುವ ಹಾಗೂ ಇಲ್ಲ. ಆ ಬಿಗಿ ಅಷ್ಟು ಬೆಲೆಬಾಳುವಂಥದ್ದು.

ಸಮಯ ಮುಗಿಯುತ್ತಿದೆ, ಇನ್ನೊಂದು ದಾರಿ ಬೇಗ ಹೇಳುತ್ತೇನೆ. ದಾನಿಯ ಟೆಂಡನ್ ವರ್ಷ ಕಳೆದಂತೆ ಹಿಗ್ಗಬಹುದು. 2011ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಸರ್ಜನ್‌ಗಳು ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಜಾಲರಿ ಬಳಸಿದ್ದನ್ನು ವರದಿ ಮಾಡಿದರು. ಹರ್ನಿಯಾಗೆ ಹಾಕುತ್ತಾರಲ್ಲ, ಆ ಬಗೆಯದು. ಹಾಳೆಯನ್ನು ಚಾಪೆಯಂತೆ ಸುತ್ತಿ, ಒಂದು ತುದಿಯನ್ನು ಮೂಳೆಯಲ್ಲಿ ಸಿಮೆಂಟಿನಿಂದ ಕೂರಿಸಿ, ಇನ್ನೊಂದನ್ನು ತೊಡೆಯ ಸ್ನಾಯುವಿಗೆ ಹೊಲಿಯುತ್ತಾರೆ. ಜಾಲರಿಯ ಕಣ್ಣುಗಳೊಳಗೆ ನಮ್ಮದೇ ಅಂಗಾಂಶ ಬೆಳೆಯುತ್ತದೆ. ಸೋಂಕಿನ ಭಯ ಎರಡರಲ್ಲೂ ಇದೆ.

ಈಗ ಅಮ್ಮನ ವಿಷಯ. ಮೊದಲ ಸಲ ಹಗ್ಗ ಗಟ್ಟಿಯಿತ್ತು, ಬಗ್ಗಿಸಿದರೆ ಒಳ್ಳೆಯದೇ. ಈಗ ಹಗ್ಗವೇ ಹೊಸದು, ಇನ್ನೂ ಹಿಡಿದುಕೊಂಡಿಲ್ಲ. ಅದಕ್ಕೇ 6ರಿಂದ 12 ವಾರ ಕಾಲು ನೇರ ಇರಬೇಕು, ಆಮೇಲೆ ಬ್ರೇಸ್ (ಮಂಡಿಗೆ ಆಸರೆ ಕೊಡುವ ಪಟ್ಟಿ) ಹಾಕಿ ಸ್ವಲ್ಪ ಸ್ವಲ್ಪವೇ ಬಗ್ಗಿಸಬೇಕು. ಬಗ್ಗದ ಕಾಲಿನಲ್ಲಿ ಬಾತ್‌ರೂಮಿಗೆ ಹೋಗುವುದೇ ಜಾಸ್ತಿ ಕಷ್ಟ. ಎತ್ತರದ ಕಮೋಡ್, ವಾಕರ್ ಇವತ್ತೇ ಹೊಂದಿಸಿಕೊಡಿ.