ಗರ್ಭದ ಪ್ರಶ್ನೆಗೆ ಒಂದು ಪಾತ್ರೆ ನೀರು

ಕೇಳುಗರೆಲ್ಲರಿಗೂ ನಮಸ್ಕಾರ. ಸುಮಾರು 1,800 ವರ್ಷಗಳ ಹಿಂದೆ, ರೋಮನ್ನರ ಆಳ್ವಿಕೆಯಲ್ಲಿದ್ದ ಗಲಿಲೀ ಸೀಮೆಯಲ್ಲಿ, ರಬ್ಬಿಗಳೆನಿಸಿದ ಯೆಹೂದಿ ಪಂಡಿತರು ಮಿಶ್ನಾ ಎಂಬ ಧರ್ಮಸಂಹಿತೆಯನ್ನು ಸಂಕಲಿಸಿದರು. ಗರ್ಭಪಾತವಾದಾಗ ಹೊರಬಂದದ್ದು ಮೀನಿನಂತೆಯೋ ಮಿಡತೆಯಂತೆಯೋ ಹಕ್ಕಿಯಂತೆಯೋ ಕಂಡರೆ ತಾಯಿಗೆ ಪುರುಡು ಉಂಟೇ ಎಂಬ ಪ್ರಶ್ನೆ ಅದರಲ್ಲಿದೆ. ಇದನ್ನು ಕೇಳಿ ನಗುವವರನ್ನು ನಾನು ಬಹಳ ಕಂಡಿದ್ದೇನೆ. ಅವರು ದಯವಿಟ್ಟು ತುಸು ತಾಳಬೇಕು. ರಬ್ಬಿಗಳು ಇಲ್ಲಿ ಕೇಳಿದ್ದು ಶಕುನವನ್ನಲ್ಲ, ದಿನಗಳ ಲೆಕ್ಕವನ್ನು: ಗಂಡು ಹುಟ್ಟಿದರೆ 40 ದಿನ, ಹೆಣ್ಣಾದರೆ 80.

ತಾಲ್ಮುಡ್‌ನಲ್ಲಿ ಅಂದರೆ ಮಿಶ್ನಾದ ಮೇಲೆ ಮುಂದೆ ನಡೆದ ಚರ್ಚೆಗಳ ಸಂಗ್ರಹದಲ್ಲಿ, ನನಗೆ ಅಚ್ಚುಮೆಚ್ಚಿನ ಪ್ರಸಂಗವೊಂದಿದೆ. ತಿವಿನ್ ಎಂಬ ಊರಿನ ಹೆಂಗಸೊಬ್ಬಳ ಮೈಯಿಂದ ಕೆಂಪು ಸಿಪ್ಪೆಗಳಂಥ ಚೂರುಗಳು ಬೀಳುತ್ತಿದ್ದವು. ಊರವರು ರಬ್ಬಿ ಝಾದೋಕರನ್ನು ಕೇಳಿದರು. ಅವರು ತಾವೇ ತೀರ್ಪು ಕೊಡದೆ ಯಾವ್ನೆ ಎಂಬ ವಿದ್ಯಾಕೇಂದ್ರದ ಪಂಡಿತರನ್ನು ಕೇಳಿದರು. ಆ ಪಂಡಿತರು, ಗಮನಿಸಿ, ಶಾಸ್ತ್ರಗ್ರಂಥವನ್ನು ಬಿಡಿಸಿ ಕೂರದೆ ವೈದ್ಯರನ್ನು ಕರೆದು ಕೇಳಿದರು. ಆಕೆಯ ಒಡಲೊಳಗೆ ಹುಣ್ಣಿದೆ, ಆ ಚೂರುಗಳನ್ನು ನೀರಿಗೆ ಹಾಕಿ ನೋಡಲಿ, ಕರಗಿದರೆ ಅದು ರಕ್ತವೇ, ಮೈಲಿಗೆ ಎಂದರು ವೈದ್ಯರು. ಇನ್ನೊಬ್ಬಳಿಗೆ ಕೆಂಪು ಕೂದಲಿನಂಥದ್ದು ಬಿದ್ದಾಗಲೂ ಇದೇ ದಾರಿ, ಇದೇ ನೀರು. ಆ ಹೆಂಗಸು ಏನು ಪಾಪ ಮಾಡಿದ್ದಳೆಂದು ಯಾರೂ ಕೇಳಲಿಲ್ಲ. ಇದನ್ನು ಮತ್ತೊಮ್ಮೆ ಹೇಳುತ್ತೇನೆ: ಯಾರೂ ಕೇಳಲಿಲ್ಲ.

ಇನ್ನು ಪಶುವಿನ ಆಕಾರದ ಪಿಂಡದ ಮಾತು. ಅದನ್ನೂ ಹೆರಿಗೆಯೆಂದೇ ಎಣಿಸಬೇಕು ಎಂದರು ರಬ್ಬಿ ಮೇಯಿರ್. ಬೈಬಲ್ಲಿನ ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ರೂಪಿಸಿದಾಗಲೂ ಮೃಗಗಳನ್ನು ರೂಪಿಸಿದಾಗಲೂ ಹೀಬ್ರೂ ಭಾಷೆಯ ಅದೇ ಕ್ರಿಯಾಪದ ಬಂದಿದೆ ಎಂಬುದು ಅದಕ್ಕೆ ತಾಲ್ಮುಡ್ ಕೊಡುವ ಒಂದು ಆಧಾರ. ಉಳಿದ ಪಂಡಿತರು ಒಪ್ಪಲಿಲ್ಲ. ಮನುಷ್ಯರೂಪವಿಲ್ಲದ್ದು ಮಗುವಲ್ಲ ಎಂದರು. ಹೀಗೆ ಆಕಾರದ ಮಾತೇ ಗೆದ್ದಿತು, ಆದರೆ ಗೆದ್ದವರೂ ದಿನಗಳ ಲೆಕ್ಕದಾಚೆಗೆ ಹೋಗಲಿಲ್ಲ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಹಸುವಿನ ಸಂಗತಿಯನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಹಸು ಕತ್ತೆಯಂಥ ಕರುವನ್ನು ಈದರೆ ಅದನ್ನು ತಿನ್ನಬಹುದು, ಕತ್ತೆ ಈದ ಹಸುವಿನಂಥ ಮರಿಯನ್ನು ತಿನ್ನಬಾರದು, ಇಲ್ಲಿ ಲೆಕ್ಕಕ್ಕೆ ಬರುವುದು ಆಕಾರವಲ್ಲ, ತಾಯಿ. ಕೊನೆಯದಾಗಿ ಅದ್ನೆ ಹಸಾದೆ. ಇದು ಮನುಷ್ಯನನ್ನು ಹೋಲುವ, ಹೊಕ್ಕುಳು ಕಡಿದರೆ ಬದುಕಲಾರದೆಂದು ಅವರು ನಂಬಿದ್ದ ಬೆಟ್ಟದ ಜೀವಿ. ಮಿಶ್ನಾ ಅದನ್ನು ಕಾಡುಪ್ರಾಣಿಗಳ ಸಾಲಿಗೆ ಸೇರಿಸಿತು. ರಬ್ಬಿ ಯೋಸೆ ಮಾತ್ರ, ಅದು ಗುಡಾರದೊಳಗೆ ಸತ್ತರೆ ಒಳಗಿದ್ದವರಿಗೆಲ್ಲ ಮನುಷ್ಯನ ಹೆಣದಷ್ಟೇ ಮೈಲಿಗೆ ಎಂದರು.